ಕಣತಲೆಯ ಅಳತೆ

"ಯಜಮಾನ್ರೇ, ನಿಮ್ಮನೆಯವರು ಎಷ್ಟು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ?"

ಡಾಕ್ಟರಮ್ಮನ ಪ್ರಶ್ನೆ ಕೇಳಿ ದರ್ಜಿಗೆ ಸಿಟ್ಟೇ ಬಂತು. ಮೊನ್ನೆ ಬೆಳಿಗ್ಗೆ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತ ಕೂತಿದ್ದ ಹೆಂಡತಿ ಕೂತಲ್ಲೇ ವಾಲಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಬಿದ್ದುಹೋಗಿದ್ದವು. ಇವರು ನೋಡಿದರೆ ಊಟದ ಮಾತೆತ್ತುತ್ತಾರೆ!

"ಚೆನ್ನಾಗೇ ತಿಂತಿದ್ಲಮ್ಮ. ನಮ್ಮನೇಲಿ ಊಟಕ್ಕೇನು ಬರವೇ?"

ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಅವನತ್ತ ತಿರುಗಿಸಿದಳು. ತಲೆಯನ್ನು ಅಡ್ಡಕ್ಕೆ ಸೀಳಿದಂಥ ಕಪ್ಪುಬಿಳುಪು ಚಿತ್ರ. ಮಿದುಳಿನಲ್ಲಿ ಕೆಟ್ಟ ಜಾಗ ತೋರಿಸುತ್ತಾಳೆಂದು ಅವನು ಎದೆ ಗಟ್ಟಿಮಾಡಿಕೊಂಡ. ಆಕೆಯ ಬೆರಳು ಮಾತ್ರ ಬುರುಡೆಯ ಹೊರಗಡೆ, ಹಣೆಯ ಪಕ್ಕದ ಒಂದು ತೆಳ್ಳನೆಯ ಪಟ್ಟಿಯ ಮೇಲೆ ನಿಂತಿತು.

"ಇದು ಕಣತಲೆಯ ಸ್ನಾಯು. ಅಲ್ಲಿ ಬೆರಳಿಟ್ಟು ಹಲ್ಲು ಕಚ್ಚಿ, ಅಲ್ಲಾಡೋದು ಗೊತ್ತಾಗುತ್ತೆ. ಮೈಯಲ್ಲಿ ಮಾಂಸಖಂಡ ಎಷ್ಟು ಕರಗಿದೆ ಅನ್ನೋದಕ್ಕೆ ಇದರ ದಪ್ಪ ಒಂದು ಸುಳಿವು. ಲಕ್ವ ಆದೋರನ್ನ ನಿಲ್ಲಿಸಿ ತೂಕ ನೋಡೋಕಾಗಲ್ಲ. ತಲೆ ಸ್ಕ್ಯಾನಿಂಗ್ ಹೇಗೂ ಮಾಡಿರ್ತೀವಲ್ಲ, ಅದರಲ್ಲೇ ಅಳೀತೀವಿ." ಆಕೆ ಪಟ್ಟಿಯ ಮೇಲೊಂದು ಗೆರೆ ಎಳೆದಳು. "ಮೂರೂವರೆ ಮಿಲಿಮೀಟರ್. ತೀರಾ ಕಡಿಮೆ. ಇದು ಇಲ್ಲಿಗೆ ಬಂದ ದಿನವೇ ತೆಗೆದಿದ್ದು. ಒಂದೇ ದಿನದಲ್ಲಿ ಹೀಗೆ ಇಳಿಯಲ್ಲ."

ಮೂರೂವರೆ ಮಿಲಿಮೀಟರ್ ಎಂದರೆ ಎಷ್ಟೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬಾಗಿಲಲ್ಲಿ ನಿಂತವರನ್ನು ನೋಡಿಯೇ ಎದೆಸುತ್ತು ಹೇಳುವೆನೆಂದು ನಲವತ್ತು ವರ್ಷದಿಂದ ಬೀಗುತ್ತ ಬಂದವನು. ಅವಳ ರವಿಕೆಯ ಹೊಲಿಗೆಯನ್ನೇ ಈ ವರ್ಷ ಮೂರು ಸಲ ಬಿಚ್ಚಿ, ಬಿಗಿ ಮಾಡಿ ಕೊಟ್ಟಿದ್ದ. ಮೂರನೆಯ ಸಲವಂತೂ, "ಏನೇ, ದಿನೇ ದಿನೇ ಮದುವೆ ಹೆಣ್ಣಾಗ್ತಿದ್ದೀಯಲ್ಲ!" ಎಂದು ನಕ್ಕಿದ್ದ. ಅವಳೂ ಕೆನ್ನೆಗೆ ಕೈಯೊತ್ತಿಕೊಂಡು ನಕ್ಕಿದ್ದಳು.

ಆ ಕೆನ್ನೆ! ಶಾಲೆ ಶುರುವಾಗುವ ಮುಂಚೆ ಅವಳು ಒಂದು ದಿನ ಹೇಳಿದ್ದಳಲ್ಲ: "ರೀ, ಈ ದವಡೆ ಹಲ್ಲು ಏನನ್ನೂ ಅಗಿಯೋಕೆ ಬಿಡ್ತಿಲ್ಲ. ಒಂದ್ಸಲ ತೋರಿಸ್ಕೊಂಡು ಬರೋಣ್ವಾ?" "ಯೂನಿಫಾರ್ಮ್ ಒಂದು ಮುಗೀಲಿ ಕಣೇ" ಎಂದು, ಮಿಷಿನ್ನಿನಿಂದ ಕಾಲು ತೆಗೆಯದೆಯೇ ಅಂದಿದ್ದ. ಯೂನಿಫಾರ್ಮ್ ಮುಗಿಯಿತು, ಬ್ಯಾಂಡಿನವರ ಕೋಟು ಬಂತು. ಆಮೇಲೆ ಅವಳು ಹಲ್ಲಿನ ಸುದ್ದಿ ಎತ್ತಲಿಲ್ಲ. ಹಾಲಿನಲ್ಲಿ ಬ್ರೆಡ್ಡು ನೆನೆಸಿಕೊಂಡು ಎರಡು ತುತ್ತು ತಿಂದು, ಇವನ ತಟ್ಟೆ ತುಂಬಿಸಿ ಎದ್ದುಬಿಡುತ್ತಿದ್ದಳು.

"ಎಂಟು ತಿಂಗಳು" ಎಂದ ದರ್ಜಿ.

"ಈಗ ತಾನೇ ಚೆನ್ನಾಗೇ ತಿಂತಿದ್ಲು ಅಂದ್ರಿ?"

"ಜೊತೇಲಿ ಊಟಕ್ಕೆ ಕೂರ್ತಿದ್ಲಮ್ಮ. ತಿಂತಿದ್ಲಾ ಅಂತ ನಾನು ನೋಡ್ಲಿಲ್ಲ."

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ದನಿ ಇಳಿಸಿದಳು. "ಲಕ್ವಕ್ಕೆ ಇದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಮತ್ತೆ ಎದ್ದು ನಡೆಯೋಕೆ ಮೈಯಲ್ಲಿ ಕಸುವು ಬೇಕಲ್ಲ, ಅದು ಇವರಲ್ಲಿ ಕಡಿಮೆ ಇದೆ. ನಿಧಾನ ಆಗುತ್ತೆ. ಎಷ್ಟರ ಮಟ್ಟಿಗೆ ಸುಧಾರಿಸ್ತಾರೋ ಈಗಲೇ ಹೇಳೋಕಾಗಲ್ಲ."

ವಾರ್ಡಿನಲ್ಲಿ ಅವಳ ಮೂಗಿಗೆ ಇಳಿಸಿದ್ದ ನಳಿಕೆಯಲ್ಲಿ ನರ್ಸು ಹಾಲಿನ ಬಣ್ಣದ ಆಹಾರ ಹನಿಸಿ, ಪಕ್ಕದ ಹಾಸಿಗೆಯತ್ತ ಹೋದಳು. ದರ್ಜಿ ಹೆಂಡತಿಯ ಎಡಗೈ ಹಿಡಿದು ಕೂತ. ಕೂದಲು ಸರಿಸಿ ಕಣತಲೆಯ ಮೇಲೆ ಬೆರಳಿಟ್ಟ. ಬೆರಳ ತುದಿ ಆರಾಮಾಗಿ ಕೂರುವಷ್ಟು ತಗ್ಗು.

"ಇಷ್ಟೊಂದು ಸವೆದು ಹೋಗೋವರೆಗೂ ನನಗೊಂದು ಮಾತು ಹೇಳ್ಬಾರ್ದಿತ್ತೇನೇ?"

ಅವಳು ಕಣ್ಣು ತೆರೆದು ಅವನನ್ನೇ ನೋಡಿದಳು. ಓರೆಯಾಗಿದ್ದ ತುಟಿ ಅದುರಿತು, ಕತ್ತಿನ ನರ ಉಬ್ಬಿತು. ಮೂರು ದಿನದಿಂದ ಒಂದಕ್ಷರ ಹೊರಡದ ಬಾಯಿಂದ, ಎಲ್ಲಿಂದಲೋ ಎಳೆದು ತಂದ ಹಾಗೆ, ಮಾತೊಂದು ಹೊರಬಿತ್ತು.

"ಹೇ... ಳಿದ್ದೆ."

"ಅಯ್ಯೋ, ಮಾತು ಬಂತು! ಡಾಕ್ಟ್ರೇ, ಇಪ್ಪತ್ತನೇ ನಂಬರಿಗೆ ಮಾತು ಬಂತು!" ನರ್ಸು ಕುಣಿಯುತ್ತ ಓಡಿಬಂದಳು. "ಏನಂದ್ರು ಯಜಮಾನ್ರೇ? ಮೊದಲನೇ ಮಾತು ಏನಂದ್ರು?"

ದರ್ಜಿ ಬಾಯಿ ತೆರೆದ. ಏನೂ ಹೊರಡಲಿಲ್ಲ.