ಐದು ನಿಮಿಷದ ತಪ್ಪೊಪ್ಪಿಗೆ

"ಐದು ನಿಮಿಷ ಕಂಬದ ಹಾಗೆ ನಿಂತ್ಬಿಟ್ಟೆ ಸರ್. ಹಾಗಂತಲೇ ಬರ್ಕೊಳ್ಳಿ. ಆ ಹುಡುಗಿ ಕೈ ಬೆಂದಿದ್ದು ನನ್ನಿಂದಲೇ."

ಲಾಂಡ್ರಿ ಮಾಲೀಕರ ಕೋಣೆಯಲ್ಲಿ ಪುಕ್ಕಲಕ್ಕ ಹೇಳಿಕೆಗೆ ಸಹಿ ಹಾಕಲು ಪೆನ್ನಿಗೆ ಕೈಚಾಚಿದಳು. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬೀದಿ ತಿರುವಿನಿಂದ ಮತ್ತೆ ವಾಪಸು ಹೋಗುವವಳಿಗೆ ಜೊತೆಯವರು ಇಟ್ಟ ಹೆಸರು ಅದು. ನಿನ್ನೆ ಚಾದರ ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಪಕ್ಕದ ಹುಡುಗಿಯ ಕೈ ಸಿಕ್ಕಿತ್ತು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಇದ್ದದ್ದು ಇವಳ ಮಗ್ಗುಲಲ್ಲೇ. ಕೈ ಬಹಳ ಹೊತ್ತು ಒಳಗಿತ್ತು, ಬೆರಳು ಉಳಿಯುವುದು ಅನುಮಾನ ಎಂದಿದ್ದರು ಡಾಕ್ಟರು.

ಆ ಹೊತ್ತಿನಲ್ಲಿ ಹುಡುಗಿಯ ಜಡೆಗೆ ಸುತ್ತಿದ ರಬ್ಬರಿನ ಬಣ್ಣ ನೋಡಲು ಅವಳಿಗೆ ಪುರುಸೊತ್ತಿತ್ತು. ಗೋಡೆಯ ಎಚ್ಚರಿಕೆ ಫಲಕವನ್ನು ಪೂರ್ತಿ ಓದಿದ್ದಳು, ಕೊನೆಯ ಸಾಲಿನ ಕಾಗುಣಿತದ ತಪ್ಪು ಸಹಿತ. ಅಷ್ಟಕ್ಕೆಲ್ಲ ಐದು ನಿಮಿಷವಾದರೂ ಬೇಡವೆ?

"ಅವಳನ್ನ ಬೈಬೇಡಿ ಸರ್," ಎಂದ ಮೇಸ್ತ್ರಿ. ಪಕ್ಕದಲ್ಲಿ ಸಿಡಿಲು ಬಡಿದರೂ ರೆಪ್ಪೆ ಮಿಟುಕಿಸದ ಆಸಾಮಿ. "ಇಲಿ ಕಂಡ್ರೆ ಮೇಜು ಹತ್ತೋ ಹೆಂಗಸು. ರೋಲರ್ ಎತ್ತೋ ಹಿಡಿ ನನ್ನ ಕಡೆ ಇತ್ತು, ಪುಣ್ಯ. ಕೂಗು ಕೇಳಿದ್ದೇ ತಡ, ಹಾರಿ ಹೋಗಿ ಎತ್ತಿದೆ. ಇಲ್ದಿದ್ರೆ ತೋಳೇ ಹೋಗ್ತಿತ್ತು."

"ಸಹಿ ಆಮೇಲೆ ಹಾಕುವಿಯಂತೆ. ಮೊದಲು ಇದನ್ನ ನೋಡೋಣ." ಮಾಲೀಕರು ಕ್ಯಾಮೆರಾದ ದೃಶ್ಯ ಹಾಕಿದರು.

ಸದ್ದಿಲ್ಲದ ಪರದೆಯಲ್ಲಿ ಹುಡುಗಿಯ ಬಾಯಿ ತೆರೆಯಿತು. ದೃಶ್ಯದ ಮೂಲೆಯ ಗಡಿಯಾರದಲ್ಲಿ ಎರಡು ಅಂಕಿ ಉರುಳುವಷ್ಟರಲ್ಲಿ ಪುಕ್ಕಲಕ್ಕನ ಅಂಗೈ ಕೆಂಪು ಗುಂಡಿಯ ಮೇಲಿತ್ತು. ರೋಲರ್ ನಿಂತಿತು.

"ಎರಡೇ ಸೆಕೆಂಡು ಕಣಮ್ಮ!"

"ಇಲ್ಲ ಸರ್, ಕ್ಯಾಮೆರಾ ಕೆಟ್ಟಿರ್ಬೇಕು."

ನಿಂತ ರೋಲರ್ ಕೆಂಡದಷ್ಟು ಬಿಸಿ. ಕೈ ಇನ್ನೂ ಅದರಡಿಯಲ್ಲೇ ಇತ್ತು. ಪರದೆಯ ಪುಕ್ಕಲಕ್ಕ ಹುಡುಗಿಯನ್ನು ಒಂದು ತೋಳಲ್ಲಿ ತಬ್ಬಿ, ಆಚೆ ತುದಿಯತ್ತ ಕತ್ತಿನ ನರ ಬಿಗಿದು ಕೂಗುತ್ತಿದ್ದಳು. ಆಚೆ ತುದಿಯಲ್ಲಿ, ಹಿಡಿಗೆ ಎರಡೇ ಹೆಜ್ಜೆ ದೂರದಲ್ಲಿ, ಮೇಸ್ತ್ರಿ ನಿಂತಿದ್ದ. ಒಂದು ಕಾಲು ಮುಂದೆ, ಕೈ ಅರ್ಧ ಮೇಲೆ. ನಿಂತೇ ಇದ್ದ.

"ಥತ್, ಹ್ಯಾಂಗ್ ಆಯ್ತು," ಮಾಲೀಕರು ಕಂಪ್ಯೂಟರಿನ ಕೀಲಿ ಕುಟ್ಟಿದರು. ಆದರೆ ಚಾದರದಿಂದ ಹಬೆ ಏಳುತ್ತಲೇ ಇತ್ತು, ಅಂಕಿಗಳು ಓಡುತ್ತಲೇ ಇದ್ದವು. ಹದಿನಾಲ್ಕು. ಹದಿನೈದು. ಮಾಲೀಕರ ಬೆರಳು ಕೀಲಿಯ ಮೇಲೆ ಹಾಗೇ ಉಳಿಯಿತು. ಪುಕ್ಕಲಕ್ಕ ಕಣ್ಣು ಮುಚ್ಚಿಕೊಂಡಳು.

ಮೇಸ್ತ್ರಿ ಕುರ್ಚಿಯಿಂದ ಎದ್ದ. ಪರದೆಗೆ ಮೂಗು ತಾಗುವಷ್ಟು ಬಾಗಿ, ಅಂಕಿ ಮೂವತ್ತು ದಾಟುವವರೆಗೂ, ಒಳಗೆ ನಿಂತ ತನ್ನನ್ನೇ ದಿಟ್ಟಿಸಿದ.

"ಓಡೋ," ಎಂದ ಒಳಗಿನವನಿಗೆ. "ಓಡೋ ಲೇ..."