ಪಾಂಡುವಿನ ಉಪವಾಸ

"ಭೂತಪ್ಪನವರೇ, ನಿಮ್ಮ ಪಾಂಡು ಏನೂ ತಿಂತಿಲ್ಲ."

ಪಂಪೆಯಲ್ಲಿ ಮುಳುಗೆದ್ದು, ಇರುಮುಡಿ ತಲೆಗೇರಿಸಿ, ಇನ್ನೇನು ಬೆಟ್ಟ ಹತ್ತಬೇಕು ಎನ್ನುವಾಗ ಸಾಗರದಿಂದ ಡಾಕ್ಟರ್ ಸುಷ್ಮಾ ಫೋನ್ ಮಾಡಿದ್ದರು. ಪರವೂರಿಗೆ ಹೋಗುವವರ ನಾಯಿ, ಬೆಕ್ಕುಗಳನ್ನು ತಮ್ಮ ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಪಶುವೈದ್ಯೆ ಅವರು. ಭೂತಪ್ಪ ಐದು ದಿನದ ವ್ರತಕ್ಕೆಂದು ಅಯ್ಯಪ್ಪನ ಮಾಲೆ ಹಾಕಿದ ದಿನವೇ ನಾಯಿಯನ್ನು ಅಲ್ಲಿ ಬಿಟ್ಟಿದ್ದ. ಮನೆಯಲ್ಲಿ ನೋಡಿಕೊಳ್ಳಲು ಹೆಂಡತಿ ಕೆರಿಯಮ್ಮ ಇರಲಿಲ್ಲವೆಂದಲ್ಲ. ಪಾಂಡು ಕಣ್ಣೆದುರಿದ್ದರೆ ತನ್ನ ಬಾಯಿ ಸುಮ್ಮನಿರದು ಎಂಬುದು ಅವನಿಗೆ ಗೊತ್ತಿತ್ತು. ಮಾಲೆ ಹಾಕಿದವನು ಒಂದು ಕೆಟ್ಟ ಮಾತೂ ಆಡುವಂತಿಲ್ಲ, ಎದುರಿಗೆ ಬಂದವರನ್ನೆಲ್ಲ ಸ್ವಾಮಿ ಎನ್ನಬೇಕು. ಪಾಂಡುವಿಗೋ, ಮರಿಯಾಗಿದ್ದಾಗಿನಿಂದ ಅನ್ನದ ಜೊತೆ ಬೈಗುಳ ಬಡಿಸಿಯೇ ಅಭ್ಯಾಸ.

"ಹಾಲು, ಮೊಟ್ಟೆ, ಚಿಕನ್ ಎಲ್ಲಾ ಇಟ್ಟು ನೋಡಿದೆ. ವಯಸ್ಸಾದ ನಾಯಿ, ಹೀಗೇ ಬಿಟ್ಟರೆ ಉಳಿಯಲ್ಲ. ನಿಮ್ಮ ಮನೆಯವರೂ ಬಂದಿದ್ರು."

"ಕೆರಿಯಮ್ಮ ಬೈದಳಾ?"

"ಚೆನ್ನಾಗೇ ಬೈದ್ರು. ಅದು ಅವರ ಮುಖ ನೋಡಿ ಆಕಳಿಸ್ತು. ನೀವೇ ಬೈಬೇಕಂತೆ."

ಪಕ್ಕದಲ್ಲಿದ್ದ ಗುರುಸ್ವಾಮಿ ವಾಸಪ್ಪ ಹೊರಡುವ ಮುಂಚೆಯೇ ಎಲ್ಲರಿಗೂ ಖಡಕ್ಕಾಗಿ ಹೇಳಿದ್ದರು, ಬಾಯಿ ಕೆಟ್ಟವನಿಗೆ ಹದಿನೆಂಟು ಮೆಟ್ಟಿಲಿಲ್ಲ ಎಂದು. ಭೂತಪ್ಪ ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡ. "ಮೇಡಂ, ಫೋನು ಅದರ ಕಿವಿ ಹತ್ರ ಹಿಡೀರಿ. ಪಾಂಡು ಸ್ವಾಮಿ, ಊಟ ಮಾಡಿ ಸ್ವಾಮಿ. ಹಟ ಮಾಡಬಾರ್ದು ಸ್ವಾಮಿ."

"ಕಿವಿ ಎತ್ತಿತು," ಎಂದರು ಡಾಕ್ಟರು. "ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಡ್ತು."

ಭೂತಪ್ಪ ಬೆಟ್ಟ ನೋಡಿದ, ಫೋನು ನೋಡಿದ. ತಲೆಯ ಮೇಲಿದ್ದ ಇರುಮುಡಿ ಇಳಿಸಿ ವಾಸಪ್ಪನವರ ಕೈಗಿಟ್ಟ. ಮರುಕ್ಷಣ ಪಂಪಾ ತೀರದ ಶರಣಂ ಘೋಷವೆಲ್ಲ ಅಡಗುವಂತೆ ಗಂಟಲು ಬಿಚ್ಚಿದ.

"ಏ ಹಾಳಾದ್ದೇ! ನಿನ್ ಬಾಯಿಗೆ ಮಣ್ಣು ಬೀಳ! ಡಾಕ್ಟ್ರಮ್ಮ ಕೈಯಾರೆ ಬಡಿಸಿದ್ರೆ ಗೋಡೆ ನೋಡ್ತೀಯಾ? ಎಂತ, ನೀನೇನು ಬೀಗರ ಮನೆಗೆ ಬಂದೀಯಾ? ಮುಕ್ತೀಯಾ ಇಲ್ಲಾ ಬಂದು ಬೆನ್ನಿಗೆ ಬಿಡ್ಲಾ ನಾಲ್ಕು?"

ಬೆಟ್ಟ ಹತ್ತಲು ಸಾಲುಗಟ್ಟಿದ್ದ ಸ್ವಾಮಿಗಳೆಲ್ಲ ತಿರುಗಿ ನೋಡಿದರು. ಫೋನಿನಲ್ಲಿ ತಟ್ಟೆ ಸರಿದ ಸದ್ದು, ಅದರ ಹಿಂದೆಯೇ ಲಪಲಪನೆ ನೆಕ್ಕುವ ಸದ್ದು. ಭೂತಪ್ಪನ ಕಣ್ಣಲ್ಲಿ ನೀರು ಬಂತು. "ವ್ರತ ಕೆಟ್ಟೋಯ್ತು ಗುರುಸ್ವಾಮಿ. ನೀವು ಹತ್ತಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ."

ವಾಸಪ್ಪ ಇರುಮುಡಿಯನ್ನು ಮತ್ತೆ ಅವನ ತಲೆಗೇರಿಸಿದರು. "ನನ್ನವ್ವನೂ ನಂಗೆ ಹಿಂಗೇ ಬೈದು ಬೈದೇ ಉಣ್ಣಿಸಿದ್ದು ಸ್ವಾಮಿ. ಅವಳ ವ್ರತ ಯಾವತ್ತೂ ಕೆಡ್ಲಿಲ್ಲ. ನಡೀರಿ."

ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮತ್ತೆ ಫೋನು. ಡಾಕ್ಟರ ದನಿಯಲ್ಲಿ ಸಂಕೋಚವಿತ್ತು. "ಭೂತಪ್ಪನವರೇ, ಪಕ್ಕದ ಗೂಡಲ್ಲಿ ಬ್ಯಾಂಕ್ ಮ್ಯಾನೇಜರರ ಪೊಮೆರೇನಿಯನ್ ಇದೆ. ಅದೂ ನಿನ್ನೆಯಿಂದ ಏನೂ ಮುಟ್ಟಿರಲಿಲ್ಲ. ನೀವು ಬೈತಿದ್ದಂಗೆ ಎದ್ದು ಬಂದು ತಟ್ಟೆ ಮುಂದೆ ಕೂತಿದೆ. ಇನ್ನೊಂದು ಸಲ ಬೈದ್ರೆ ತಿನ್ನತ್ತೇನೋ..."

ಭೂತಪ್ಪ ಅಳುಮುಖ ಮಾಡಿಕೊಂಡು ಗುರುಸ್ವಾಮಿಯತ್ತ ನೋಡಿದ.

ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ವಾಸಪ್ಪ ಅತ್ತಿತ್ತ ನೋಡಿ, ಅವನ ತಲೆಯಿಂದ ಇರುಮುಡಿಯನ್ನು ತಾವೇ ಇಳಿಸಿಕೊಂಡರು.

"ಬೈಯಿರಿ ಸ್ವಾಮಿ. ಆದ್ರೆ ಸ್ವಲ್ಪ ಮರ್ಯಾದೆ ಕೊಟ್ಟು ಬೈಯಿರಿ. ನಂದೊಂದು ಲೋನ್ ಅರ್ಜಿ ಆ ಮ್ಯಾನೇಜರ ಹತ್ರಾನೇ ಇದೆ."