ವಿಚಾರಿಸಲು ಬಂದವರು

ಬಾಗಿಲಲ್ಲಿ ನಿಂತಿದ್ದವರು ಕುತ್ತಿಗೆಯ ಬೆವರು ಒರೆಸಿಕೊಂಡು, "ಸಿಂಧು ಅವರ ಮನೆ ಇದೇ ತಾನೇ? ಒಂದಿಷ್ಟು ವಿಚಾರಿಸೋದಿತ್ತು. ನಾನು ಬರೋ ವಿಷಯ ನಿಮಗೆ ಗೊತ್ತಿರಬೇಕಲ್ಲ" ಎಂದಾಗ ರಂಗನಾಯಕಿ ಸೆರಗು ಸರಿಮಾಡಿಕೊಂಡಳು. ಬಂದೇಬಿಟ್ಟರು.

"ಗೊತ್ತು, ಒಳಗೆ ಬನ್ನಿ" ಎಂದು ಕುರ್ಚಿ ಎಳೆದು ಹಾಕಿದಳು.

ಮಗಳು ಸಿಂಧು ಬೆಳಿಗ್ಗೆಯೇ ಎಚ್ಚರಿಸಿ ಹೋಗಿದ್ದಳು. ನಂಜನಗೂಡಿನಿಂದ ದಿನವೂ ನರಸೀಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ. ಶಾರ್ಜಾದ ಶಾಲೆಯೊಂದು ಅವಳನ್ನು ಕರೆದಿತ್ತು. ಅವಳ ಪದವಿಪತ್ರಗಳು ಮೈಸೂರು, ಬೆಂಗಳೂರು ಸುತ್ತಿ, ಬೆನ್ನ ತುಂಬ ಸೀಲು ಹೊಡೆಸಿಕೊಳ್ಳುತ್ತ ದೆಹಲಿಗೆ ಹೋಗಿದ್ದವು. ಅಲ್ಲಿ ಕೊನೆಯ ಮುದ್ರೆ ಬಿದ್ದರೆ ವೀಸಾ.

"ಅಮ್ಮಾ, ಇವತ್ತು ಯಾರೋ ವಿಚಾರಿಸೋಕೆ ಬರ್ತಾರೆ. ನಿನಗೆ ಏನನ್ನಿಸುತ್ತೋ ಅದನ್ನೇ ಹೇಳು" ಎಂದಿದ್ದಳು ಜಡೆ ಹೆಣೆದುಕೊಳ್ಳುತ್ತ.

"ಸರ್ಟಿಫಿಕೇಟಿನ ವಿಷಯವೇನೆ?"

"ನಮ್ಮನೇಲಿ ಈಗ ಬೇರೆ ಯಾವ ಮಾತಿದೆ, ಹೇಳು?"

ಬೇರೆ ಮಾತಿರಲಿಲ್ಲ, ನಿಜ. ಗಂಡ ಸುಬ್ರಹ್ಮಣ್ಯ ಪೌರೋಹಿತ್ಯಕ್ಕೆ ಹೋದ ಕಡೆಯಲ್ಲೆಲ್ಲ ಶಾರ್ಜಾದ ಸುದ್ದಿ ಹಂಚಿ ಬಂದಿದ್ದರು. ರಂಗನಾಯಕಿಗೆ ಮಾತ್ರ ಆ ಸುದ್ದಿ ಬೇಡವಾಗಿತ್ತು. ಮಗಳನ್ನು ಬಸ್ಸಿನಲ್ಲಿ ಹೋಗಿ ನೋಡಿ ಸಂಜೆಗೆ ವಾಪಸು ಬರುವಷ್ಟು ದೂರದಲ್ಲಿ ಕೊಡಬೇಕೆಂಬುದು ಅವಳ ಆಸೆ. ಸಿಂಧುವಿನ ಹತ್ತಿರ ಆ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

ಬಂದವರು ಕಾಫಿ ಲೋಟ ಕೈಗೆ ತೆಗೆದುಕೊಂಡರು. "ನರಸೀಪುರದಲ್ಲೂ ವಿಚಾರಿಸಿದೆ. ಸ್ಕೂಲಿನವರೆಲ್ಲ ಒಳ್ಳೆ ಮಾತೇ ಆಡಿದ್ರು. ಆದರೂ ಮನೆಯವರ ಬಾಯಲ್ಲಿ ಕೇಳಿದ ಹಾಗಾಗಲ್ಲ ನೋಡಿ."

ರಂಗನಾಯಕಿಗೆ ಆಗ ಹೊಳೆಯಿತು. ತಾನು ನಾಲ್ಕು ಮಾತು ಆಡಿದರೆ ಸಾಕು, ಕಾಗದ ದೆಹಲಿಯಲ್ಲೇ ನಿಲ್ಲುತ್ತದೆ. ಹುಡುಗಿ ಇಲ್ಲೇ ಉಳಿಯುತ್ತಾಳೆ. ಗೋಡೆಯ ಮೇಲಿನ ರಾಯರ ಪಟಕ್ಕೆ ಬೆನ್ನು ಬರುವ ಹಾಗೆ ಸ್ವಲ್ಪ ತಿರುಗಿ ಕುಳಿತಳು.

"ಸ್ವಭಾವ ಹೇಗೆ?" ಎಂದರು ಅವರು.

"ಸಿಟ್ಟು ಮೂಗಿನ ತುದೀಲೇ ಇರುತ್ತೆ."

"ದೊಡ್ಡವರ ಮಾತು ಕೇಳ್ತಾರಾ?"

"ಕೇಳ್ತಾಳೆ. ಮಾಡೋದು ಮಾತ್ರ ತನಗೆ ತೋಚಿದ್ದು."

"ಮಕ್ಕಳು ಅಂದ್ರೆ?"

"ಒಂದೆರಡಾದ್ರೆ ಹೇಗೋ ಸಂಭಾಳಿಸ್ತಾಳೆ. ಜಾಸ್ತಿ ಆದ್ರೆ ಕೂಗಾಡ್ತಾಳೆ."

ಅವರು ಕೆಮ್ಮಿದರು. ದನಿ ತಗ್ಗಿಸಿ, "ತಪ್ಪು ತಿಳೀಬೇಡಿ. ಮುಂಚೆ ಬೇರೆ ಕಡೆ ಏನಾದರೂ ಆಗಿತ್ತಾ?" ಎಂದರು.

"ಆಗಿತ್ತು, ಮೈಸೂರಲ್ಲಿ. ಒಂದು ವರ್ಷ ಇದ್ದಳು. ಹೊಂದಿಕೆ ಆಗಲಿಲ್ಲ, ಬಿಟ್ಟು ಬಂದಳು."

ತುಟಿಯ ಹತ್ತಿರ ಹೋಗಿದ್ದ ಲೋಟ ಅಲ್ಲೇ ನಿಂತಿತು.

"ಇದನ್ನ ನಮಗೆ ಯಾರೂ ಹೇಳಿರಲಿಲ್ಲ" ಎಂದು ಅವರು ಎದ್ದರು. "ನೀವು ಮುಚ್ಚಿಡದೆ ಹೇಳಿದ್ರಲ್ಲ, ಉಪಕಾರವಾಯ್ತು." ಉಳಿದ ಕಾಫಿ ಕುಡಿಯಲೂ ಇಲ್ಲ.

ಸಂಜೆ ಸಿಂಧು ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ಬಂದಿದ್ರಾ?"

"ಬಂದಿದ್ರು."

"ಏನು ಹೇಳಿದೆ?"

"ಇದ್ದದ್ದು ಹೇಳಿದೆ" ಎಂದಳು ರಂಗನಾಯಕಿ, ಒಲೆಯ ಕಡೆ ಮುಖ ಮಾಡಿ.

ಮಗಳು ಹಿಂದಿನಿಂದ ಬಂದು ತಬ್ಬಿಕೊಂಡು, ಹೆಗಲ ಮೇಲೆ ಗಲ್ಲವಿಟ್ಟಳು. ಸ್ವಂತ ಮಗಳ ಹಾದಿಗೆ ರಂಗನಾಯಕಿ ಕಲ್ಲು ಹಾಕಿದ್ದಳಲ್ಲ. ಆ ವಾರವಿಡೀ ರಾಯರ ಮಠಕ್ಕೆ ಹೋಗಿ, ಏನು ಬೇಡಬೇಕೆಂದು ತಿಳಿಯದೆ, ಬರೀ ಪ್ರದಕ್ಷಿಣೆ ಹಾಕಿ ಬಂದಳು.

ಆದರೆ ಕಾಗದಗಳು ಬಂದವು. ಒಂದು ಮುದ್ರೆಯೂ ತಪ್ಪಿರಲಿಲ್ಲ. ಸುಬ್ರಹ್ಮಣ್ಯ ಅವನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಲು ಹೋಗಿ ಮಗಳಿಂದ ಬೈಸಿಕೊಂಡರು. ಆವತ್ತು ಬಂದವರು ಎಂಥ ದೊಡ್ಡ ಮನುಷ್ಯರು ಎಂದುಕೊಂಡಳು ರಂಗನಾಯಕಿ. ಹೆತ್ತವಳ ಸಂಕಟ ಅರ್ಥಮಾಡಿಕೊಂಡು ತನ್ನ ಮಾತನ್ನೆಲ್ಲ ಅಲ್ಲಿಗೇ ಬಿಟ್ಟುಬಿಟ್ಟರಲ್ಲ. ಆಮೇಲೆ ಅವಳಿಗೆ ಅಳು ಬರಲಿಲ್ಲ. ಚಟ್ನಿಪುಡಿ ಕುಟ್ಟಿದಳು, ಹುಳಿಪುಡಿ ಮಾಡಿದಳು. ವಿಮಾನ ನಿಲ್ದಾಣದಲ್ಲಿ ನಗುತ್ತಲೇ ಕೈ ಬೀಸಿದಳು.

ಮಗಳು ಹೋದ ಮಾರನೆಯ ವಾರ ಮೂಗೂರಿನಿಂದ ತಮ್ಮ ರಘೂತ್ತಮ ಬಂದ. ಮುಖ ಗಂಟಿಕ್ಕಿಕೊಂಡಿತ್ತು.

"ಅಕ್ಕ, ನಿನಗೇನು ತಲೆ ಕೆಟ್ಟಿತ್ತಾ? ನೀನು ಕೇಳಿದ ಹಾಗೇ ನರಸೀಪುರದ ಹುಡುಗನ್ನ ಹುಡುಕಿದ್ದೆ. ಕಾಲೇಜಲ್ಲಿ ಲೆಕ್ಚರರು, ಊರು ಬಿಟ್ಟು ಕದಲೋನಲ್ಲ. ಅವರ ಕಡೆಯೋರು ಆವತ್ತಿಂದ ನನ್ನ ಫೋನೇ ಎತ್ತಿರಲಿಲ್ಲ. ನಿನ್ನೆ ಒಂದು ಮುಂಜೀಲಿ ಸಿಕ್ಕಿದ್ರು. ನಮ್ಮ ಹುಡುಗಿ ಮೈಸೂರಲ್ಲಿ ಒಂದು ವರ್ಷ ಸಂಸಾರ ಮಾಡಿ ಬಿಟ್ಟು ಬಂದೋಳು ಅಂತ ಹುಡುಗನ ದೊಡ್ಡಪ್ಪನ ಹತ್ತಿರ ನೀನೇ ಹೇಳಿದೆಯಂತೆ?"

"ನಾನು ಹೇಳಿದ್ದು ಮೈಸೂರಿನ ಸ್ಕೂಲಿನ ಕೆಲಸದ ವಿಷಯ ಕಣೋ" ಎಂದಳು ರಂಗನಾಯಕಿ. "ಅವರು ಬರೋ ವಿಷಯ ಒಂದು ಮಾತು ತಿಳಿಸೋದಲ್ವೇನೋ?"

"ನಿನ್ನ ಫೋನ್ ಸಿಗಲಿಲ್ಲ ಅಂತ ಹಿಂದಿನ ದಿನಾನೇ ಸಿಂಧುಗೆ ಎಲ್ಲಾ ಬಿಡಿಸಿ ಹೇಳಿದ್ದೆನಲ್ಲಕ್ಕ."